ಜಂಪರ್ ತುಂಬಿದ ಡ್ರಾವರ್

ಕ್ಯಾನ್ಸರ್ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆಪರೇಷನ್ ಆಗಿದೆ ಅಂದರು, ಅಷ್ಟೇ. ಹೈದರಾಬಾದಿನಲ್ಲಿ ನನ್ನ ಎಡ ಮೊಲೆ ತೆಗೆದು ಆರು ತಿಂಗಳಾಗಿತ್ತು. ಬೀದರಿಗೆ ವಾಪಸು ಬಂದವಳು ನೈಟಿಯ ಮೇಲೊಂದು ಶಾಲು ಹೊದ್ದು ಕೂತುಬಿಟ್ಟಿದ್ದೆ. ಈಗ ರಜೆ ಮುಗಿದಿತ್ತು. ಸೋಮವಾರ ಔರಾದಿನ ಆಫೀಸಿಗೆ ಸೀರೆ ಉಟ್ಟು ಹಾಜರಾಗಬೇಕು. ಬಸ್ಸಿನಲ್ಲಿ ಕೈ ಎತ್ತಿ ಕಂಬಿ ಹಿಡಿದಾಗ ಎದುರಿನವರ ಕಣ್ಣು ಎಲ್ಲಿ ಬೀಳುತ್ತದೆ ಎಂಬುದೊಂದೇ ಚಿಂತೆ. ಯಾರಿಗೂ ಗೊತ್ತಾಗಬಾರದು ಎಂದು ದೇವರನ್ನು ಬೇಡುತ್ತಿದ್ದೆ. ಆಯುಷ್ಯ ಕೇಳುವುದು ಕೂಡ ನೆನಪಾಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಭಾಲ್ಕಿಯಿಂದ ಅಕ್ಕ ರೈಲಿಗೆ ಬಂದಳು. ಬಟ್ಟೆ ಹೊಲಿದೇ ಮನೆ ನಡೆಸಿದವಳು. ಮದುವೆಯಾದಾಗಿನಿಂದ ನಾನು ತೊಟ್ಟ ಪ್ರತಿಯೊಂದು ರವಿಕೆಯೂ, ನಮ್ಮ ಕಡೆ ಹೇಳುವಂತೆ ಜಂಪರ್, ಅವಳ ಮಷೀನಿನದೇ. ಎಲ್ಲವನ್ನೂ ಅಲ್ಮೇರಾದ ಒಂದೇ ಡ್ರಾವರಿನಲ್ಲಿ ತುರುಕಿದ್ದೆ. ಅಕ್ಕ ಎಳೆದರೆ ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಕಾಲು ಕೊಟ್ಟು ಜಗ್ಗಿದಾಗ ಇಡೀ ಡ್ರಾವರ್ ಕಿತ್ತು ಬಂದು ಜಂಪರ್‌ಗಳೆಲ್ಲ ನೆಲಕ್ಕೆ ಚೆಲ್ಲಿದವು.

"ಇಷ್ಟ್ಯಾಕ ತುಂಬೀದಿ? ದುಕಾನ ಇಡ್ಲಕ ಹೊಂಟೀದೇನು?" ಅಂದಳು.

"ಎಲ್ಲಾ ಒಯ್ದು ಯಾರಿಗಾದ್ರೂ ಕೊಟ್ಟಬಿಡು. ನನಗ ಒಂದೂ ಬ್ಯಾಡ."

"ಸುಮ್ಮ ಕೂಡು."

ಅಕ್ಕ ಕಾಲು ಚಾಚಿ ಕೂತು ವಿಂಗಡಿಸತೊಡಗಿದಳು. ಬಗಲು ಹರಿದದ್ದು ಒರೆಸುವ ಬಟ್ಟೆಗೆ, ಬಣ್ಣ ಹೋದದ್ದು ಮನೆಗೆ, ಗಟ್ಟಿಯಿದ್ದದ್ದು ಆಫೀಸಿಗೆ. ಒಂದೊಂದನ್ನೂ ತಿರುವಿ ಒಳಹೊಲಿಗೆ ನೋಡುತ್ತಿದ್ದಳು. ಹೆತ್ತ ಮೇಲೆ ಹೆಂಗಸರು ಮೈ ತುಂಬಿಕೊಳ್ಳುತ್ತಾರೆ ಎಂದು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುವ ಕೈ ಅವಳದು. ನನ್ನ ಮಗಳು ಹುಟ್ಟಿದಾಗ ಒಂದು ಹೊಲಿಗೆ ಬಿಚ್ಚಿದ್ದಳು, ಮಗ ಹುಟ್ಟಿದಾಗ ಇನ್ನೊಂದು. ಹಾಲಿನ ಕಲೆ ಹೋಗದೆ ಉಳಿದಿದ್ದ ಹಳದಿ ಜಂಪರ್ ಅವಳ ಕೈಗೆ ಬಂತು. ಅದನ್ನು ಒರೆಸುವ ಬಟ್ಟೆಗೆ ಎಸೆದಳು. ನಾನು ಎದ್ದು ಹೋಗಿ ಎತ್ತಿಕೊಂಡು ಬಂದೆ. ಒಂದೂ ಬೇಡ ಅಂದವಳು ನಾನೇ ಅಲ್ಲವೇ? ನನ್ನ ಮೇಲೆ ನನಗೇ ಸಿಟ್ಟು ಬಂತು.

ಆಮೇಲೆ ಅವಳು ತನ್ನ ಚೀಲದಿಂದ ಹೊಸದೊಂದು ಜಂಪರ್ ತೆಗೆದಳು. ಒಳಗೆ ಒಂದು ಬದಿಗೆ ಹತ್ತಿ ತುಂಬಿ ಮೆತ್ತೆ ಮಾಡಿ ಕೂರಿಸಿದ್ದಳು. "ಹಾಕ್ಕೊಂಡ ನೋಡು," ಎಂದು ಗೋಡೆಯ ಕಡೆ ಮುಖ ತಿರುಗಿಸಿ ಕೂತಳು. ನಮ್ಮ ಮನೆಯವರದೂ ಇದೇ ರೀತಿ. ನಾನು ಬಟ್ಟೆ ಬದಲಿಸುವಾಗ ಎದ್ದು ಹೊರಗೆ ಹೋಗುತ್ತಾರೆ. ಅದನ್ನು ಮರ್ಯಾದೆ ಎಂದುಕೊಂಡಿದ್ದಾರೆ.

ತೊಟ್ಟೆ. ಹುಕ್ಕು ಕೂಡಲಿಲ್ಲ. ಮೆತ್ತೆ ಬಲಗಡೆಗಿತ್ತು. ಎಡಗಡೆ ಬಟ್ಟೆ ಜೋತುಬಿದ್ದಿತ್ತು.

"ಆರು ತಿಂಗಳಾತು ಅಕ್ಕಾ," ಎಂದು ಕಿರುಚಿದೆ. "ಯಾವ ಕಡಿ ಅಂತ ಒಮ್ಮಿಯಾದ್ರೂ ಕೇಳೀದೇನು?"

ಅವಳು ತಿರುಗಿದಳು. ನಾನು ಜಂಪರ್ ಕಿತ್ತು ಮಂಚದ ಮೇಲೆ ಎಸೆದಿದ್ದೆ. ಶಾಲು ಎತ್ತಿಕೊಳ್ಳಲಿಲ್ಲ. ಡಾಕ್ಟರು, ನರ್ಸುಗಳನ್ನು ಬಿಟ್ಟರೆ ಆ ಗಾಯದ ಗೆರೆ ನೋಡಿದ ಮೊದಲನೆಯವಳು ಅಕ್ಕ. ತುಂಬ ಹೊತ್ತು ನೋಡಿದಳು.

"ದವಾಖಾನ್ಯಾಗ ನೀ ಬಲಗಡಿ ಎದಿ ಮ್ಯಾಲ ಕೈ ಇಟ್ಕೊಂಡು ಮಲಗಿದ್ದಿ. ಅದೇ ಅಂತ ತಿಳಕೊಂಡೆ," ಅಂದಳು. "ಕೇಳ್ಲಕ ಬಾಯಿ ಬರ್ಲಿಲ್ಲ ನೋಡು."

ನನಗಾದರೂ ಹೇಳಲು ಬಾಯಿ ಎಲ್ಲಿ ಬಂದಿತ್ತು? ಅವಳು ಫೋನ್ ಮಾಡಿದಾಗಲೆಲ್ಲ ಆರಾಮಿದ್ದೇನೆ ಎಂದೇ ಹೇಳಿದ್ದೆ. ಆದರೂ ಅವಳ ಮುಂದೆ ಸೋಲಲು ಮನಸ್ಸಾಗದೆ ಬಿಗಿದುಕೊಂಡೇ ನಿಂತೆ.

ಅಕ್ಕ ಟೇಪು ತೆಗೆದಳು. ಎಡಗಡೆ ಬೇರೆ, ಬಲಗಡೆ ಬೇರೆ ಅಳೆದಳು. ಆಮೇಲೆ ಕಿಟಕಿಯ ಬೆಳಕಿಗೆ ಕೂತು ಬ್ಲೇಡಿನಿಂದ ಮೆತ್ತೆ ಬಿಚ್ಚಿ ಎಡಗಡೆಗೆ ಕೈಹೊಲಿಗೆ ಹಾಕಿದಳು. ಮಧ್ಯಾಹ್ನದ ಊಟ ಇಬ್ಬರಿಗೂ ನೆನಪಾಗಲಿಲ್ಲ.

ಮತ್ತೆ ತೊಟ್ಟೆ. ಈ ಸಲ ಅವಳೇ ಹುಕ್ಕು ಹಾಕಿದಳು. ಸೀರೆ ಉಡಿಸಿ, ಸೆರಗು ಹೊದಿಸಿ, ಹೆಗಲು ಹಿಡಿದು ಕನ್ನಡಿಯ ಎದುರು ನಿಲ್ಲಿಸಿದಳು. ಎರಡೂ ಕಡೆ ಒಂದೇ ಸಮ ಕಾಣುತ್ತಿತ್ತು.

"ನೋಡು, ಇನ್ನ ಯಾರಿಗೂ ಗೊತ್ತಾಗಲ್ಲ," ಅಂದಳು.

ನನಗೆ ಬೇಕಾಗಿದ್ದುದು ಅದೇ. ಆದರೆ ಆ ಮಾತು ಕೇಳಿದ್ದೇ ತಡ, ಆಸ್ಪತ್ರೆಯಲ್ಲೂ ಬಾರದ ಅಳು ಬಂತು. ನನ್ನ ಮೈಯದೇ ಒಂದು ಪಾಲು ಹೋಗಿದೆ, ಅದು ಔರಾದಿನಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ಅಕ್ಕ ಎಡಗಡೆಯ ಹತ್ತಿಯ ಮೇಲೆ ಅಂಗೈ ಇಟ್ಟು ನಿಂತಳು. ಆ ಕೈ ನನಗೆ ತಾಕಲೇ ಇಲ್ಲ.