ರಜೆಗೆ ಎತ್ತಿಟ್ಟ ಆಟ

ನಮ್ಮಲ್ಲಿ ಹೊಸ ಅಕ್ಕಿ ಮನೆಗೆ ಬಂದರೂ ಪುದ್ದರ್ ಎಂಬ ಹೊಸ ಅಕ್ಕಿ ಊಟ ಆಗುವವರೆಗೆ ಯಾರೂ ಅದರ ಅನ್ನ ಉಣ್ಣುವಂತಿಲ್ಲ. ಮನೆಯವರೆಲ್ಲ ಸೇರಬೇಕು, ಎಲೆ ಹಾಕಬೇಕು, ‘ಹೊಸತು ಉಣ್ಣುತ್ತೇನೆ’ ಎಂದು ಹಿರಿಯರಿಗೆ ಹೇಳಿಯೇ ತುತ್ತೆತ್ತಬೇಕು. ಒಬ್ಬರು ಬರುವುದು ತಡವಾದರೆ ಉಳಿದವರು ಹಳೆ ಅಕ್ಕಿಯಲ್ಲೇ ದಿನ ದೂಡುತ್ತಾರೆ. ಈಗ ನಮಗೆ ಗದ್ದೆ ಇಲ್ಲ. ಪಂಪ್‌ವೆಲ್ ಸರ್ಕಲಿನ ಹಿಂದಿನ ಓಣಿಯಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ, ಅಕ್ಕಿ ಅಂಗಡಿಯಿಂದ ಬರುತ್ತದೆ. ಆದರೆ ಆ ಕ್ರಮ ನನ್ನನ್ನು ಬಿಟ್ಟು ಹೋಗಿಲ್ಲ. ಅಕ್ಕಿಯಿಂದ ಅದು ವಿಡಿಯೋ ಗೇಮಿಗೆ ದಾಟಿದೆ ಎಂದು ಕೇಳಿದ್ದರೆ ನಮ್ಮ ಅತ್ತೆ ಎಂತ ಹೇಳುತ್ತಿದ್ದರೋ ಗೊತ್ತಿಲ್ಲ.

ನನ್ನ ಗಂಡನಿಗೆ ಗಲ್ಫಿನಲ್ಲಿ ಕೆಲಸ, ದೊಡ್ಡ ಕಟ್ಟಡವೊಂದರ ಎಸಿ ನೋಡಿಕೊಳ್ಳುವುದು. ವರ್ಷಕ್ಕೊಮ್ಮೆ ರಜೆ. ಗೇಮಿನ ಪೆಟ್ಟಿಗೆಯನ್ನು ಒಂದು ರಜೆಯಲ್ಲಿ ಮಗಳಿಗೆಂದು ತಂದದ್ದು. ಅವಳು ಸ್ವಲ್ಪ ದಿನ ಕಾರು ಓಡಿಸಿ, ಬೇಸರ ಬಂದು ಬಿಟ್ಟಳು. ಈಗ ಹಾಸ್ಟೆಲಿನಲ್ಲಿ ಓದುತ್ತಾಳೆ. ಪೆಟ್ಟಿಗೆಗೆ ಧೂಳು ಹಿಡಿಯಬಾರದಲ್ಲ ಎಂದು ಇವರು ಒಂದು ಮಧ್ಯಾಹ್ನ ಕಥೆ ಇರುವ ಆಟವೊಂದನ್ನು ಹಾಕಿದರು. ನಾನು ಬೀನ್ಸ್ ನಾರು ತೆಗೆಯುತ್ತಾ ಪಕ್ಕದಲ್ಲಿ ಕುಳಿತಿದ್ದೆ. ಸಂಜೆಯಾದರೂ ಬೀನ್ಸ್ ಹಾಗೆಯೇ ಇತ್ತು.

ಅಲ್ಲಿಂದ ಅದೊಂದು ಪದ್ಧತಿಯಾಯಿತು. ರಜೆಗೊಂದು ಆಟ. ಊಟವಾಗಿ, ಪಾತ್ರೆ ತೊಳೆದು, ಕಿಟಕಿಯ ಪರದೆ ಎಳೆದು ಕೂರುವುದು. ರಿಮೋಟು ಇವರ ಕೈಯಲ್ಲಿ. ನನ್ನ ಕೆಲಸ ನೋಡುವುದು: ‘ಆ ಬಾಗಿಲು ಬಿಟ್ಟಿರಿ,’ ‘ಆ ಹೆಂಗಸು ಸುಳ್ಳು ಹೇಳ್ತಿದ್ದಾಳೆ ಅಂತ ಕಾಣ್ತದೆ.’ ಇಂಗ್ಲಿಷ್ ಅಕ್ಷರಗಳು ಬೇಗ ಬೇಗ ಓಡಿದರೆ ನನಗೆ ಓದಲು ಆಗುವುದಿಲ್ಲ, ಇವರು ನಿಲ್ಲಿಸಿ ಕಾಯುತ್ತಾರೆ.

ಇದು ನಮಗೆ ಯಾಕೆ ಅಷ್ಟು ದೊಡ್ಡದು ಎಂದರೆ, ರಜೆಯಲ್ಲಿ ನಾವು ಆಡುವ ಮಾತೆಲ್ಲ ಒಬ್ಬರಿಗೆ ಹಳತು. ಅಲ್ಲಿನದ್ದು ಇವರಿಗೆ ಆಗಿ ಹೋದದ್ದು, ಇಲ್ಲಿನದ್ದು ನನಗೆ. ಮಗಳಿಗೆ ಜ್ವರ ಬಂದದ್ದು, ಮೇಲಿನ ಟಾಂಕಿ ಸೋರಿದ್ದು, ಯಾರದ್ದೋ ಮದುವೆ ಮುರಿದದ್ದು, ಎಲ್ಲವನ್ನೂ ನಾನು ಒಬ್ಬಳೇ ಕಂಡು ಆಮೇಲೆ ಇವರಿಗೆ ಹೇಳುವುದು. ಇಬ್ಬರಿಗೂ ಒಟ್ಟಿಗೆ, ಒಂದೇ ಹೊತ್ತಿಗೆ ಹೊಸತಾಗುವುದು ಆ ಆಟವೊಂದೇ. ಹಾಗಾಗಿ ಒಬ್ಬರು ಮೊದಲೇ ರುಚಿ ನೋಡಬಾರದು.

ಹೋದ ರಜೆಯಲ್ಲಿ ಆಡಿದ್ದು ಹಿಮ ಬೀಳುವ ಬಂದರಿನ ಊರಿನ ಕಥೆ. ದೋಣಿ ರಿಪೇರಿ ಮಾಡುವ ಹೆಂಗಸೊಬ್ಬಳು ಕಾಣೆಯಾದ ಅಣ್ಣನನ್ನು ಹುಡುಕುತ್ತಾಳೆ. ಕೊನೆಗೆ ಅಣ್ಣನ ದೋಣಿ ಖಾಲಿಯಾಗಿ ತೇಲಿ ಬಂದು ದಡಕ್ಕೆ ತಾಗುತ್ತದೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಅಣ್ಣ ಇದ್ದಾನಾ ಇಲ್ಲವಾ? ನಾವು ಒಂದು ವರ್ಷ ಫೋನಿನಲ್ಲಿ ಚರ್ಚೆ ಮಾಡಿದೆವು. ಇದ್ದಾನೆ ಎಂದು ನಾನು. ಖಾಲಿ ದೋಣಿ ಬಂದರೆ ಮತ್ತೆ ಎಂತದು ಉಂಟು ಎಂದು ಇವರು.

ಎರಡನೇ ಭಾಗ ಬೇಸಿಗೆಯಲ್ಲಿ ಬಂತು. ಇವರ ರಜೆಗೆ ಇನ್ನೂ ಸಮಯವಿತ್ತು. ಫಳ್ನೀರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯೊಂದರ ಮೂಲೆಯ ಶೆಲ್ಫಿನಲ್ಲಿ ಗೇಮಿನ ಸಿಡಿ ಇಡುತ್ತಾರೆ. ಆ ಅಂಗಡಿಯವರಿಗೆ ನಮ್ಮ ಕ್ರಮ ಗೊತ್ತು. ಡಬ್ಬವನ್ನು ಮೀನು ಕಟ್ಟಿದ ಹಾಗೆ ಪೇಪರಿನಲ್ಲಿ ಸುತ್ತಿ, ದಾರ ಹಾಕಿಯೇ ಕೊಟ್ಟರು. “ಹಿಂದಿನ ಬದಿ ಓದ್ಬೇಡಿ ಅಕ್ಕ, ಅರ್ಧ ಕಥೆ ಅದರಲ್ಲೇ ಹಾಕ್ತಾರೆ,” ಎಂದರು. ನಾನು ತಂದು ಕಪಾಟಿನಲ್ಲಿ ಸೀರೆಗಳ ಅಡಿಗೆ ಇಟ್ಟೆ.

ಇಡುವುದು ಸುಲಭ, ಕಾಯುವುದು ಕಷ್ಟ. ಫೋನಿನಲ್ಲಿ ಅಡುಗೆಯ ವಿಡಿಯೋ ನೋಡುವಾಗ ಕೆಳಗೆ ಹಿಮ ಬಿದ್ದ ಬಂದರಿನ ಚಿತ್ರ ಬರುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಮುಚ್ಚಿಕೊಂಡು ಬಂಗುಡೆ ಪುಳಿಮುಂಚಿ ನೋಡಿದ್ದೇನೆ. ಎಲ್ಲಕ್ಕಿಂತ ದೊಡ್ಡ ಗಂಡಾಂತರ ಒಂದು ಮದುವೆಯ ಊಟದಲ್ಲಿ ಬಂತು. ಅಕ್ಕನ ಮಗ ನನ್ನ ಪಕ್ಕದ ಎಲೆಗೆ ಕುಳಿತವನು, “ಚಿಕ್ಕಮ್ಮ, ಎರಡನೇದು ಆಡಿ ಆಯ್ತಾ? ಅದರಲ್ಲಿ ಆ ಅಣ್ಣ ಉಂಟಲ್ಲ...” ಎಂದು ಸುರು ಮಾಡಿದ. ಬೇಡ ಎಂದು ಹೇಳುವುದರೊಳಗೆ ಅವನ ವಾಕ್ಯ ಮುಗಿಯುತ್ತದೆ ಎಂದು ನನಗೆ ಅನಿಸಿತು. ಎದ್ದುಬಿಟ್ಟೆ. ಪಾಯಸ ಬಡಿಸುವವನು ಆಗ ನಮ್ಮ ಸಾಲಿಗೆ ತಿರುಗಿದ್ದನಷ್ಟೆ. ಕಡ್ಲೆಬೇಳೆ ಪಾಯಸ. ಅಕ್ಕ ಈಗಲೂ ಹಂಗಿಸುತ್ತಾಳೆ: “ಗೇಮಿಗೆ ಬೇಕಾಗಿ ಪಾಯಸ ಬಿಟ್ಟು ಎದ್ದವಳು.”

ಗಲ್ಫಿನಲ್ಲಿ ಇವರ ಪಾಡು ಇನ್ನೂ ಕಷ್ಟದ್ದು. ಒಂದೇ ರೂಮಿನಲ್ಲಿ ಇವರೊಟ್ಟಿಗೆ ಇರುವವರು ಹುಡುಗರು. ಉಳ್ಳಾಲದ ಹುಡುಗನೊಬ್ಬ ಇದ್ದಾನೆ, ಗೇಮ್ ಎಂದರೆ ಪ್ರಾಣ, ಹೊಸತು ಬಂದ ದಿನವೇ ಹಾಕುವವನು. ಮೊದಲೆಲ್ಲ ಅವನು ಹಾಕಿದ ಕೂಡಲೇ ಇವರು ಎದ್ದು ಹೋಗಿ ಕೆಳಗಿನ ಅಂಗಡಿಯ ಎದುರು ಕುಳಿತು ನನಗೆ ಫೋನ್ ಮಾಡುತ್ತಿದ್ದರು. ಈ ಬೇಸಿಗೆಯಲ್ಲಿ ಅಂಗಡಿಯೆದುರಿನ ಆ ಫೋನು ಬರಲಿಲ್ಲ. ಕೇಳಿದರೆ, ಹೊರಗೆ ಕಾಲಿಡಲು ಆಗದ ಬಿಸಿಲು, ರಾತ್ರಿ ಪಾಳಿಯೂ ಉಂಟು, ಮಲಗಿರುತ್ತೇನೆ ಎಂದರು. ನಾನು ಅದನ್ನು ಹೆಚ್ಚು ಯೋಚನೆ ಮಾಡಲಿಲ್ಲ.

ಇವರು ಬಂದರು. ಮೊದಲ ದಿನಗಳು ಎಂದಿನಂತೆ ನೆಂಟರಿಗೆ, ಬ್ಯಾಂಕಿಗೆ, ಹಲ್ಲಿನ ಡಾಕ್ಟರಿಗೆ ಹೋದವು. ಅಂತೂ ಒಂದು ಮಧ್ಯಾಹ್ನ ಸೀರೆಗಳ ಅಡಿಯಿಂದ ಪೊಟ್ಟಣ ತೆಗೆದು ದಾರ ಬಿಚ್ಚಿದೆವು. ಅದೇ ಹಿಮ, ಅದೇ ಬಂದರು, ನಮ್ಮ ದೋಣಿಯ ಹೆಂಗಸಿಗೆ ತಲೆಯಲ್ಲಿ ಒಂದೆರಡು ಬಿಳಿ ಕೂದಲು. ಇವರು ಬಹಳ ಖುಷಿಯಲ್ಲಿ ಆಡುತ್ತಿದ್ದರು. ಗೋದಾಮಿನ ಒಂದು ಬಾಗಿಲು ತೆರೆಯಬೇಕಾದಲ್ಲಿ ಇವರು ‘ಅಯ್ಯಬ್ಬ’ ಎಂದು ಎದೆಗೆ ಕೈ ಇಟ್ಟರು. ಆಮೇಲೆ ಬಾಗಿಲು ತೆರೆಯಿತು. ನನಗೆ ಒಂದು ಕ್ಷಣ ವಿಚಿತ್ರ ಅನಿಸಿತು, ಅಷ್ಟೆ. ಕುಕ್ಕರ್ ಕೂಗಿದ್ದರಿಂದ ಎದ್ದು ಹೋದೆ.

ಉಳ್ಳಾಲದ ಹುಡುಗ ತನ್ನ ಉಮ್ಮನಿಗೆ ಒಂದು ಪಾರ್ಸೆಲ್ ಕಳಿಸಿದ್ದ. ಗಲ್ಫಿನಿಂದ ಬರುವವರಿಗೆ ಇದು ಇದ್ದದ್ದೇ, ರೂಮಿನವರ ಮನೆಗೆಲ್ಲ ಸಾಮಾನು ಮುಟ್ಟಿಸಬೇಕು. ಉಮ್ಮ ಮಗಳ ಬಾಣಂತನಕ್ಕೆ ಹೋಗಿದ್ದವರು ಹಿಂದೆ ಬಂದ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಇವರು ಹೊರಗಿನ ಕೋಣೆಯಲ್ಲಿ ಮನೆಯ ಗಂಡಸರೊಟ್ಟಿಗೆ ಕುಳಿತರು. ಉಮ್ಮ ನನ್ನನ್ನು ಒಳಗೆ ಕರೆದು ಬಾಳೆಹಣ್ಣಿನ ಪೋಡಿ ತಟ್ಟೆಗೆ ಹಾಕುತ್ತಾ, ತನ್ನ ಮಗನಿಗೆ ಫೋನಿನಲ್ಲಿ ಯಾವಾಗಲೂ ನಮ್ಮ ಇವರದ್ದೇ ಸುದ್ದಿ ಎಂದರು. ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟದ್ದನ್ನು ಹೇಳಿದರು. ಆಮೇಲೆ ನಗು ಬಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ಇವ ಆ ಹಿಮದ ಗೇಮ್ ಆಡುವಾಗ ನಿಮ್ಮವರಿಗೆ ಕೋಪ ಬಂದಿದೆ ಅಂತ ಇವನಿಗೆ ಹೆದರಿಕೆಯಂತೆ ಮಗಾ. ಹಾಕಿದ ಕೂಡ್ಲೆ ಗೋಡೆಗೆ ಮುಖ ಮಾಡಿ ತಲೆ ತನಕ ಹೊದಿಕೆ ಎಳ್ಕೊಳ್ಳುದಂತೆ. ಮತ್ತೆ ನೋಡಿದ್ರೆ, ನಗು ಬರುವಲ್ಲಿ ಹೊದಿಕೆ ಕುಲುಕ್ತದಂತೆ. ಒಂದು ಕಡೆ ಮೂಗು ಎಳೆಯುದೂ ಕೇಳಿತಂತೆ.”

ನಾನೂ ನಕ್ಕೆ. ಪೋಡಿ ತಿಂದೆ. ಆದರೆ ಗೋದಾಮಿನ ಬಾಗಿಲು, ಅದಕ್ಕಿಂತ ಮೊದಲೇ ಎದೆಗೆ ಹೋದ ಕೈ, ಎರಡೂ ತಲೆಯೊಳಗೆ ಬಂದು ಒಂದರ ಪಕ್ಕದಲ್ಲಿ ಒಂದು ಕುಳಿತವು.

ಬಸ್ಸು ನೇತ್ರಾವತಿಯ ಸೇತುವೆ ದಾಟುವಾಗ ಇವರು, ಸುಸ್ತಾಯಿತಾ ಎಂದು ಕೇಳಿದರು. ಇಲ್ಲ ಎಂದೆ. ಸಿಟ್ಟು ಎಂದು ಹೇಳಲಾರೆ. ಒಂದು ರೂಮಿನ ಮಂಚದ ಮೇಲೆ ಮುಸುಕು ಹಾಕಿ ಗೋಡೆ ನೋಡುತ್ತಾ ಮಲಗಿದ ಮನುಷ್ಯನ ಮೇಲೆ ಸಿಟ್ಟು ಹೇಗೆ ಬರಬೇಕು? ಆದರೂ ಆ ಮದುವೆಯ ಪಾಯಸ ನೆನಪಾಗುತ್ತಿತ್ತು. ನಾನು ಇಲ್ಲಿ ಎಲೆ ಬಿಟ್ಟು ಎದ್ದಿದ್ದೆ. ಇವರು ಅಲ್ಲಿ ಮುಸುಕಿನೊಳಗೆ ಪೂರಾ ಉಂಡು ಬಂದು, ಈಗ ನನ್ನೆದುರು ಹೊಸ ಅಕ್ಕಿ ಎಂದು ಬಾಯಿ ಚಪ್ಪರಿಸುತ್ತಿದ್ದಾರೆ. ಒಟ್ಟಿಗೆ ಹೊಸತಾಗುವ ಆ ಒಂದೇ ಒಂದೂ ಹೋಯಿತಲ್ಲ ಎಂದು ಬೇಸರ.

ಮರುದಿನ ಮಧ್ಯಾಹ್ನ ಪರದೆ ಎಳೆದು ಕುಳಿತೆವು. ಇವರು ಆಡುತ್ತಿದ್ದರು, ನಾನು ಟಿವಿಯ ಬದಲು ಇವರ ಮುಖ ನೋಡುತ್ತಿದ್ದೆ. ಹುಬ್ಬು ಏರಿಸುವಲ್ಲಿ ಸರಿಯಾಗಿ ಏರುತ್ತಿತ್ತು, ಸ್ವಲ್ಪ ಹೆಚ್ಚೇ ಸರಿಯಾಗಿ. ಪಾಪ, ಎಷ್ಟು ಕಷ್ಟಪಡುತ್ತಿದ್ದಾರೆ ಎಂದು ಕಂಡಿತು. ಕೊನೆಗೆ ಕೇಳಿದೆ.

“ಮುಸುಕಿನೊಳಗೆ ಮೂಗು ಎಳೆದದ್ದು ಯಾವ ಜಾಗದಲ್ಲಿ?”

ಇವರು ಆಟ ನಿಲ್ಲಿಸಿದರು. ಹಿಮ ಗಾಳಿಯಲ್ಲೇ ನಿಂತಿತು.

“ಯಾರು, ಉಮ್ಮ ಹೇಳಿದ್ರಾ?”

“ಮತ್ತೆ ಯಾರು?”

“ಕಣ್ಣು ಮುಚ್ಚಿದೆ ಮಾರಾಯ್ತಿ. ಕಿವಿಗೆ ಹತ್ತಿ ಇಟ್ಟೆ. ತಲೆದಿಂಬು ಇಟ್ಟೆ. ಅವ ಸೌಂಡ್ ಇಡುದೇ ಬಸ್‌ಸ್ಟ್ಯಾಂಡಿನಲ್ಲಿ ಇಟ್ಟ ಹಾಗೆ.” ಕನ್ನಡಕ ತೆಗೆದು ಒರೆಸುತ್ತಾ, “ಕಮ್ಮಿ ಮಾಡು ಅಂತ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ವಾರ ಇಡೀ ದುಡಿದು ಅವನಿಗೆ ಇರುದು ಅದೊಂದೇ,” ಎಂದರು.

ಒಂದು ಚಿತ್ರವನ್ನೂ ನೋಡಿಲ್ಲವಂತೆ. ಎಲ್ಲರ ದನಿ ಗೊತ್ತು, ಮುಖ ಗೊತ್ತಿಲ್ಲ. ಬಂದರಿನ ಕಾವಲುಗಾರ ದಪ್ಪ ಮನುಷ್ಯ ಎಂದು ತಿಳಿದಿದ್ದರಂತೆ, ಮೊನ್ನೆ ನೋಡಿದರೆ ಕಡ್ಡಿಯ ಹಾಗಿದ್ದಾನೆ. ಅದನ್ನು ನನಗೆ ಹೇಳಲೂ ಆಗದೆ ಒದ್ದಾಡಿದ್ದಾರೆ. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ. ನೀನು ಪೊಟ್ಟಣದ ದಾರ ಬಿಚ್ಚುವುದನ್ನು ನೋಡಿ ಬಾಯಿ ಬರಲಿಲ್ಲ ಎಂದರು.

“ಅಣ್ಣ ಇದ್ದಾನಾ ಇಲ್ವಾ ಅಂತ ಮಾತ್ರ ಹೇಳ್ಬೇಡಿ, ಆಯ್ತಾ?” ಎಂದೆ.

ಇವರು ತುಟಿಯ ಮೇಲೆ ಕೈ ಇಟ್ಟುಕೊಂಡು ತಲೆಯಾಡಿಸಿದರು. ಆಮೇಲೆ ರಿಮೋಟನ್ನು ನನ್ನ ಮಡಿಲಿಗೆ ಹಾಕಿ, ನೀನೇ ಆಡು ಎಂದರು. ನನಗೆ ಒಬ್ಬಳಿಗಾದರೂ ಅದು ಹೊಸತಾಗಿ ಸಿಗಲಿ ಎಂದು.

ಇಷ್ಟು ವರ್ಷ ಪಕ್ಕದಲ್ಲಿ ಕುಳಿತು ಸಲಹೆ ಕೊಟ್ಟವಳ ಕೈಗೆ ಅದು ಬಂದಾಗ ದೋಣಿಯ ಹೆಂಗಸಿನ ಗತಿ ಹೇಳಿ ಪ್ರಯೋಜನವಿಲ್ಲ. ಗೋಡೆಗೆ ಮುಖ ಕೊಟ್ಟು ನಿಂತಲ್ಲೇ ನಡೆದಳು. ಎರಡು ಸಲ ನೀರಿಗೆ ಬಿದ್ದಳು. ಇವರು ನಗಲಿಲ್ಲ, ಪುಣ್ಯ. ಹೆಬ್ಬೆರಳು ಹೇಗೆ ಇಡುವುದು ಎಂದು ಹಿಡಿದು ತೋರಿಸಿದರು. ಸ್ವಲ್ಪ ಹಿಡಿತ ಬಂದ ಮೇಲೆ ನಾನು ನನ್ನ ಸ್ವಭಾವಕ್ಕೆ ಸರಿಯಾಗಿ ಆಡಿದೆ. ಮುಂದಿನ ದಾರಿ ತೋರಿಸುವ ದೀಪ ಗುಡ್ಡದ ಮೇಲೆ ಮಿನುಗುತ್ತಿದ್ದರೂ ನಾನು ಪೇಟೆಯಲ್ಲೇ ಉಳಿದೆ. ಒಂದೊಂದು ಅಂಗಡಿಗೂ ಹೋದೆ. ಮೀನು ಒಣಗಿಸಲು ಇಟ್ಟದ್ದನ್ನು ನೋಡಿದೆ. ಯಾರು ಸಿಕ್ಕಿದರೂ ಮಾತಾಡಿಸಿದೆ, ಅವರು ಅದೇ ಮಾತು ಎರಡನೇ ಸಲ ಹೇಳುವವರೆಗೆ.

ಹಿಮದ ಭಾರಕ್ಕೆ ಮಾಡು ಕುಸಿದ ಮನೆಯೊಂದರ ಹಿಂದೆ ಒಬ್ಬಳು ಮುದುಕಿ ಬಲೆ ಸರಿಮಾಡುತ್ತಾ ಕುಳಿತಿದ್ದಳು. ಅವಳು ಮೊದಲು ಹೇಳಿದ್ದು ಹವೆಯ ವಿಷಯ. ನಾನು ಸುತ್ತು ಹೊಡೆದು ಬಂದು ಮತ್ತೆ ಮಾತಾಡಿಸಿದೆ. ಆಗ ಅವಳು ಪಕ್ಕದ ಹಲಗೆಯನ್ನು ಕೈಯಿಂದ ಒರೆಸಿ ಜಾಗ ಮಾಡಿಕೊಟ್ಟಳು. ದೋಣಿಯ ಹೆಂಗಸು ಕುಳಿತಳು. ಮುದುಕಿ ಅವಳ ಅಣ್ಣನ ಸಣ್ಣಪ್ರಾಯದ ಕಥೆ ಹೇಳತೊಡಗಿದಳು: ಅವನು ಒಣಮೀನು ಕದ್ದು ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದದ್ದು, ಬೆಕ್ಕುಗಳೆಲ್ಲ ಅವನ ಹಿಂದೆ ಸಾಲಾಗಿ ಶಾಲೆಯವರೆಗೆ ಹೋಗುತ್ತಿದ್ದದ್ದು.

ನಾನು ಅಕ್ಷರ ಓದುವುದರಲ್ಲಿದ್ದೆ. ಪಕ್ಕದಲ್ಲಿ ಇವರು ಮುಂದೆ ಬಗ್ಗಿದ್ದು ಗೊತ್ತಾಯಿತು.

“ಇದು ಇರ್ಲಿಲ್ಲ,” ಎಂದರು.

“ಎಂತದು?”

“ಈ ಅಜ್ಜಿ. ಈ ಬೆಕ್ಕು. ಇದು ನಾನು ಕೇಳ್ಲೇ ಇಲ್ಲ.”

ತಿರುಗಿ ನೋಡಿದೆ. ಹುಬ್ಬು ಏರಿರಲಿಲ್ಲ, ಕೈ ಎದೆಗೆ ಹೋಗಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ಕನ್ನಡಕ ಮೂಗಿನ ತುದಿಗೆ ಜಾರಿದ್ದು ಇವರಿಗೆ ಗೊತ್ತಿರಲಿಲ್ಲ. ಉಳ್ಳಾಲದ ಹುಡುಗ ದೀಪ ಕಂಡಲ್ಲಿಗೆ ಓಡಿ ಓಡಿ ಆಡಿದವನು. ಅಣ್ಣ ಸಿಗಬೇಕು, ಅಷ್ಟೇ ಅವನಿಗೆ. ಈ ಮನೆಯ ಹಿಂದಕ್ಕೆ ಅವನು ಬಂದೇ ಇರಲಿಲ್ಲ.

ಆಮೇಲೆ ನಾನು ಗುಡ್ಡದ ದೀಪದ ಕಡೆ ತಲೆ ಹಾಕಲಿಲ್ಲ. ಪೇಟೆಯ ಒಂದೊಂದು ಹಿತ್ತಲಿಗೂ ಹೊಕ್ಕೆವು. ಕೆಲವು ಕಡೆ ಎಂತದೂ ಇರಲಿಲ್ಲ, ಖಾಲಿ ಬಾಲ್ದಿ, ಹಿಮ. ಕೆಲವು ಕಡೆ ಯಾರಾದರೂ ಇರುತ್ತಿದ್ದರು. ಪ್ರತಿ ಸಲ ನಾನು ಇವರತ್ತ ನೋಡುವುದು, ಇವರು ‘ಇಲ್ಲ, ಇದೂ ಇಲ್ಲ’ ಎಂದು ತಲೆಯಾಡಿಸುವುದು. ಚಾ ಆರುತ್ತಿತ್ತು. ನನ್ನ ಈ ನಿಧಾನಕ್ಕೆ ಮಗಳು ಬೈಯುತ್ತಾಳೆ, ಬಸ್ಸಿನ ಕಂಡಕ್ಟರನೂ ಬೈದಿದ್ದಾನೆ. ಇವರು ಮಾತ್ರ ಆ ಮಧ್ಯಾಹ್ನಗಳಲ್ಲಿ, ಇನ್ನೂ ನಿಧಾನ ಹೋಗು ಎಂದರು.

ರಜೆ ಮುಗಿಯಿತು, ಆಟ ಮುಗಿಯಲಿಲ್ಲ. ಅಣ್ಣ ಇದ್ದಾನಾ ಇಲ್ಲವಾ ನನಗೆ ಇನ್ನೂ ಗೊತ್ತಿಲ್ಲ. ಸಿಡಿಯನ್ನು ಮತ್ತೆ ಪೇಪರಿನಲ್ಲಿ ಸುತ್ತಿ ಸೀರೆಗಳ ಅಡಿಗೆ ಇಟ್ಟಿದ್ದೇನೆ.

ಹೋದ ಶುಕ್ರವಾರ ಇವರ ಫೋನಿನಿಂದ ವಿಡಿಯೋ ಕರೆ ಬಂತು. ನೋಡಿದರೆ ಉಳ್ಳಾಲದ ಹುಡುಗ. ಇವರು ಮುದುಕಿಯ ವಿಷಯ ಅವನ ಹತ್ತಿರ ಬಾಯಿಬಿಟ್ಟಿದ್ದಾರೆ. ಅವನು ನಂಬದೆ ಆಟವನ್ನು ಮೊದಲಿನಿಂದ ಹಾಕಿ ಹುಡುಕುತ್ತಿದ್ದಾನಂತೆ.

“ಅಕ್ಕ, ಆ ಅಜ್ಜಿ ಎಲ್ಲಿ ಸಿಗುದು? ನಿಮ್ಮವರು ಹೇಳುದಿಲ್ಲ ಮಾರಾಯ್ರೆ. ನೀವಾದ್ರೂ ಹೇಳಿ.”

“ನಾನು ಹೇಳಿದ್ರೆ ನಿನಗೆ ಮತ್ತೆ ಎಂತ ಉಂಟು ಮಗಾ? ಓಡ್ಬೇಡ. ನಡೆದು ನೋಡು,” ಎಂದೆ. ಮತ್ತೆ ನೆನಪಾಗಿ ಕೇಳಿದೆ: “ನೀನು ಹೀಗೆ ಹಿತ್ತಿಲು ಹಿತ್ತಿಲು ಹುಡುಕುವಾಗ ನಮ್ಮವರು ಎಲ್ಲಿರ್ತಾರೆ? ನಾವು ಇನ್ನೂ ಹೋಗದ ಜಾಗ ಬೇಕಾದಷ್ಟು ಉಂಟು.”

“ನಾನು ಹೆಡ್‌ಫೋನ್ ತಗೊಂಡಿದ್ದೇನೆ ಅಕ್ಕ. ಒಂದು ಶಬ್ದ ಹೊರಗೆ ಹೋಗುದಿಲ್ಲ. ಆದ್ರೂ ನೋಡಿ ಇವರನ್ನು,” ಎಂದು ಅವನು ಫೋನನ್ನು ಆಚೆ ತಿರುಗಿಸಿದ.

ಗೋಡೆಯ ಬದಿಯ ಮಂಚದಲ್ಲಿ ತಲೆಯಿಂದ ಕಾಲಿನವರೆಗೆ ಮುಸುಕು ಎಳೆದ ಒಂದು ಉದ್ದದ ಗಂಟು ಇತ್ತು, ಮುಖ ಗೋಡೆಗೆ. ನಾನು ಹೆಸರು ಹಿಡಿಯದೆ, ಮಾರಾಯ್ರೆ, ಎಂದು ಕರೆದೆ. ಹೊದಿಕೆ ಕುಲುಕಿತು.