ಬಿಸಿಲು ಕಾಣದ ಮುಖ

ಬಿಹಿಯ ಮುಖ ನೋಡಿದವರೆಲ್ಲ ಮೋಸಹೋಗುತ್ತಿದ್ದರು. ಐವತ್ತು ದಾಟಿದ ಗಂಡಸಿಗೆ ಅಷ್ಟು ನುಣುಪಾದ ಕೆನ್ನೆ ನಮ್ಮ ಕಣಿವೆಯಲ್ಲಿ ಇನ್ನೊಬ್ಬರಿಗಿರಲಿಲ್ಲ. ಒಂದು ಕಲೆಯಿಲ್ಲ, ಕಣ್ಣಿನ ಸುತ್ತ ಒಂದು ಗೆರೆಯಿಲ್ಲ. ಅಗಾದಿರ್ ರಸ್ತೆಯ ತಿರುವಿನಲ್ಲಿರುವ ತನ್ನ ಎಣ್ಣೆ ಅಂಗಡಿಯ ಬಾಗಿಲಲ್ಲಿ ಆ ಮುಖ ಹೊತ್ತುಕೊಂಡು ಅವನು ದಿನವಿಡೀ ಕೂತಿರುತ್ತಿದ್ದ. ಕಾರು ನಿಂತ ಕೂಡಲೇ ಎದ್ದು, ಒಂದು ಕೆನ್ನೆಯನ್ನು ಗಿರಾಕಿಯ ಕಡೆ ತಿರುಗಿಸುತ್ತಿದ್ದ.

"ನನ್ನ ವಯಸ್ಸೆಷ್ಟು ಹೇಳಿ ನೋಡೋಣ?"

ಗಿರಾಕಿಗಳು ಮೂವತ್ತೈದು ಅನ್ನುತ್ತಿದ್ದರು. ಇವನು ಮದುಮಗಳ ಹಾಗೆ ನಾಚಿ, ಅರ್ಗಾನ್ ಎಣ್ಣೆಯ ಸೀಸೆಯನ್ನು ಅವರ ಕೈಗೆ ಕೊಡುತ್ತಿದ್ದ. "ಹುಟ್ಟಿದಾಗಿಂದ ಇದನ್ನೇ ಹಚ್ಚೋದು. ಬಿಸಿಲು ನನ್ನ ಹತ್ರ ಸುಳಿಯಲ್ಲ."

ಸುಳಿಯುವುದಾದರೂ ಹೇಗೆ? ಅವನು ಬಿಸಿಲಿಗೆ ಬಂದಿದ್ದರೆ ತಾನೆ! ನಾನು ತೂದಾ, ಅವನ ಗೋಡೆಗೆ ಗೋಡೆ ಹೊಂದಿಕೊಂಡ ಮನೆಯವಳು. ಅವನು ತೊಟ್ಟಿಲಲ್ಲಿದ್ದಾಗಿನಿಂದ ನೋಡಿದ್ದೇನೆ. ಒಬ್ಬ ಮಗಳು ಹುಟ್ಟಿದ ಮೇಲೆ ಬಹಳ ವರ್ಷ ಕಾದು ಹುಟ್ಟಿದ ಗಂಡು ಎಂದು ಅವನ ತಾಯಿ ಅವನನ್ನು ನೆರಳಿನಿಂದ ಆಚೆ ಬಿಡಲೇ ಇಲ್ಲ. ಬೆಳಿಗ್ಗೆ ಎಣ್ಣೆ, ಸಂಜೆ ಎಣ್ಣೆ, ಹೊರಗೆ ಹೊರಟರೆ ತಲೆಯ ಮೇಲೆ ಅವಳ ಸೆರಗು. ಮೇಕೆ ಕಾಯಲು ಅಕ್ಕ ಇಜ್ಜಾ ಹೋದಳು. ಬಾವಿಯಿಂದ ನೀರು ತರಲು ಇಜ್ಜಾ ಹೋದಳು. ಬಿಹಿಗೆ ತಲೆನೋವು. ಬಾರ್ಲಿ ಕುಯ್ಲಿನ ಕಾಲಕ್ಕೆ ಸರಿಯಾಗಿ ಬರುತ್ತಿದ್ದ ತಲೆನೋವು, ಕಣದ ಕೆಲಸ ಮುಗಿದ ಸಂಜೆಯೇ ವಾಸಿಯಾಗುತ್ತಿತ್ತು.

ದೊಡ್ಡವನಾದ ಮೇಲೂ ಒಂದು ಕಡ್ಡಿಯನ್ನು ಎತ್ತಿ ಆಚೆ ಇಟ್ಟವನಲ್ಲ. ಮದುವೆ ಮಾಡಿದರು. ಆ ಹುಡುಗಿ ಎರಡು ಸುಗ್ಗಿ ನೋಡಿದಳು, ತವರಿಗೆ ಹೋಗಿಬರುತ್ತೇನೆ ಎಂದು ಹೋದವಳು ತಿರುಗಿ ನೋಡಲಿಲ್ಲ. ಬುದ್ಧಿವಂತೆ. ಆಮೇಲೆ ಅವನು ಚಹಾದಂಗಡಿಯ ಗೋಡೆಗೆ ಬೆನ್ನು ಕೊಟ್ಟು ಕೂತ. ನೆರಳು ಸರಿದ ಹಾಗೆ ಕುರ್ಚಿಯನ್ನೂ ಸರಿಸುತ್ತಿದ್ದ. ಅವನ ಕುರ್ಚಿ ಎಲ್ಲಿದೆ ಎಂದು ನೋಡಿ ನಾವು ಹೊತ್ತು ಹೇಳುತ್ತಿದ್ದೆವು.

ಪರದೇಶದವರು ನಮ್ಮ ಎಣ್ಣೆಯನ್ನು ಮುಖಕ್ಕೆ ಹಚ್ಚಲು ಹುಡುಕಿಕೊಂಡು ಬರತೊಡಗಿದಾಗ ಈ ಮೈಗಳ್ಳನಿಗೆ ಅದೃಷ್ಟ ಖುಲಾಯಿಸಿತು. ತಂದೆಯ ಅರ್ಗಾನ್ ಮರಗಳಿದ್ದವು, ರಸ್ತೆ ಬದಿಯಲ್ಲಿ ಒಂದು ಕೋಣೆಯಿತ್ತು, ಮುಖವಂತೂ ಇದ್ದೇ ಇತ್ತು. ಉಳಿದ ಕೆಲಸಕ್ಕೆ ಇಜ್ಜಾ ಇದ್ದಳು. ಅಗಾದಿರಿನ ಬಂದರಿನಲ್ಲಿ ಗಂಡ ಸತ್ತ ಮೇಲೆ ಮಕ್ಕಳಿಲ್ಲದ ಅವಳು ತಮ್ಮನ ಮನೆಗೆ ಬಂದಿದ್ದಳು. ಅಂಗಡಿಯ ಹಿಂಭಾಗದಲ್ಲಿ ಒಂದು ಪರದೆ. ಪರದೆಯ ಹಿಂದೆ ಇಜ್ಜಾ, ನಾನು, ಇನ್ನೂ ಕೆಲವು ಹೆಂಗಸರು ಕಾಲು ಚಾಚಿ ಕೂತು, ಕಲ್ಲಿನ ಮೇಲೆ ಅರ್ಗಾನ್ ಬೀಜ ಒಡೆದು ತಿರುಳು ತೆಗೆಯುತ್ತಿದ್ದೆವು. ತಿರುಳನ್ನು ಹುರಿದು ಬೀಸಿದರೆ ರೊಟ್ಟಿಗೆ ಹಚ್ಚುವ ಎಣ್ಣೆ, ಹುರಿಯದೆ ಬೀಸಿದರೆ ಮೈಗೆ ಹಚ್ಚುವ ಎಣ್ಣೆ. ಬೇರೆ ಅಂಗಡಿಗಳಲ್ಲಿ ಬೀಜ ಒಡೆಯುವ ಹೆಂಗಸರನ್ನು ಬಾಗಿಲ ಎದುರಿಗೇ ಕೂರಿಸಿ ಗಿರಾಕಿಗಳಿಗೆ ತೋರಿಸುತ್ತಾರೆ. ಬಿಹಿ ಮಾತ್ರ ಪರದೆ ಎಳೆಯುತ್ತಿದ್ದ. ಕಾರಣ ನಮಗೆಲ್ಲ ಗೊತ್ತಿತ್ತು. ನಾವೂ ಹುಟ್ಟಿದಾಗಿನಿಂದ ಅದೇ ಎಣ್ಣೆ ಹಚ್ಚಿದವರು, ಆದರೆ ನಮ್ಮ ಹಣೆಯಲ್ಲಿ, ಕೆನ್ನೆಯಲ್ಲಿ ಬಿಸಿಲು ಗೆರೆ ಎಳೆದು ಹೋಗಿತ್ತು. ಇಜ್ಜಾಳ ಮುಖವಂತೂ ಕಣ್ಣಿನಿಂದ ಗಲ್ಲದವರೆಗೆ ಸುಕ್ಕು. ಆ ಮುಖ ಒಂದು ಸಲ ಹೊರಗೆ ಇಣುಕಿದರೆ ಇವನ ಬೂಸಿಯೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು.

ಒಂದು ದಿನ ಇಣುಕಿತು. ಕಾಸಾಬ್ಲಾಂಕಾದಿಂದ ಬಂದ ಗಂಡಹೆಂಡಿರಲ್ಲಿ ಹೆಂಡತಿ, ಕಲ್ಲಿನ ಸದ್ದು ಕೇಳಿ, ಬಿಹಿ ಬೇಡಬೇಡ ಅನ್ನುವಷ್ಟರಲ್ಲಿ ಪರದೆ ಸರಿಸಿಬಿಟ್ಟಳು. ಎದುರಿಗೇ ಇಜ್ಜಾ. ಆ ಹೆಂಗಸು ಇಜ್ಜಾಳ ಮುಖ ನೋಡಿದಳು, ಬಿಹಿಯ ಮುಖ ನೋಡಿದಳು, ಮತ್ತೆ ಇಜ್ಜಾಳ ಮುಖ ನೋಡಿದಳು.

"ಇವರು ಯಾರು?" ಎಂದು ಅರಬ್ಬಿಯಲ್ಲಿ ಕೇಳಿದಳು.

ಆ ಖದೀಮ ಕಣ್ಣು ಕೂಡ ಮಿಟುಕಿಸಲಿಲ್ಲ. ಅದೇ ಭಾಷೆಯಲ್ಲಿ ನಗುನಗುತ್ತ ಹೇಳಿದ: "ಕೆಲಸದವಳಮ್ಮ. ಎಷ್ಟು ಹೇಳಿದ್ರೂ ನಮ್ಮ ಎಣ್ಣೆ ಹಚ್ಕೊಳಲ್ಲ. ನೋಡಿ, ಅದಕ್ಕೇ ಮುಖ ಹೀಗಾಗಿದೆ."

ಹೆಂಗಸು ಅಯ್ಯೋ ಪಾಪ ಎಂದು ಇನ್ನೊಂದು ಸೀಸೆ ಹೆಚ್ಚಿಗೆ ಕೊಂಡಳು.

ಮನೆಯಲ್ಲಿ ನಾವೆಲ್ಲ ಆಡುವುದು ನಮ್ಮ ಬೆಟ್ಟದ ಮಾತು. ಅಕ್ಕನಿಗೆ ಅರಬ್ಬಿ ಬರುವುದಿಲ್ಲ ಎಂದು ಬಿಹಿಯ ಲೆಕ್ಕಾಚಾರ. ಇಜ್ಜಾ ಅರ್ಧ ಆಯಸ್ಸು ಅಗಾದಿರಿನ ಕಾರ್ಖಾನೆಯಲ್ಲಿ ಸಾರ್ಡೀನ್ ಮೀನನ್ನು ಡಬ್ಬಿಗೆ ತುಂಬಿದವಳು. ಅಲ್ಲಿ ಅವಳು ಯಾವ ಭಾಷೆ ಆಡುತ್ತಿದ್ದಳು ಎಂದು ಒಂದು ದಿನವಾದರೂ ಯೋಚಿಸುವ ತೊಂದರೆಯನ್ನು ಅವನು ತೆಗೆದುಕೊಂಡಿರಲಿಲ್ಲ. ಇಜ್ಜಾಳ ಕೈಯಲ್ಲಿದ್ದ ಕಲ್ಲು ನಿಂತಿತು. ಆಮೇಲೆ ಮತ್ತೆ ಒಡೆಯತೊಡಗಿದಳು. ಪರದೆಯ ಹಿಂದೆ ಕೂತು ಕೂತು ಅಷ್ಟು ಅರಬ್ಬಿ ನನಗೂ ಬಂದಿತ್ತು, ಮೈ ಉರಿದುಹೋಯಿತು.

"ಕೇಳಿಸ್ತೇನೇ?" ಅಂದೆ.

"ಕಿವಿ ಇದೆಯಲ್ಲ" ಅಂದಳು.

ಅದೇ ವಾರ ಅವನು ಇನ್ನೊಂದು ಮಾತು ತೆಗೆದ. ಅಗಾದಿರಿನಲ್ಲಿ ಹುಡುಗಿ ನೋಡಿದ್ದನಂತೆ. ಹೊಸ ಹೆಂಡತಿ ಬರುವ ಮನೆಯಲ್ಲಿ ಅಕ್ಕನಿಗೆ ಜಾಗ ಸಾಲದಂತೆ. "ಸುಗ್ಗಿ ಒಂದು ಮುಗೀಲಿ ಅಕ್ಕಾ, ಆಮೇಲೆ ನಿನ್ನ ಗಂಡನ ಊರಿಗೆ ಹೋಗು. ಅಲ್ಲಿ ನಿನ್ನೋರು ಇರ್ತಾರೆ" ಎಂದ. ಸತ್ತ ಗಂಡನ ಊರಿನಲ್ಲಿ ಅವಳಿಗೆ ಇದ್ದದ್ದು ಒಂದು ಗೋರಿ ಮಾತ್ರ. ಆದರೂ ಸುಗ್ಗಿ ಮುಗಿಯುವವರೆಗೆ ಇರಬೇಕಂತೆ. ನಾಚಿಕೆಗೆಟ್ಟವನು, ಹಣ್ಣು ಆಯುವುದಕ್ಕೆ ಅವಳು ಬೇಕಾಗಿದ್ದಳು.

ಅವಳು ಬೇಕಾಗಿದ್ದುದಕ್ಕೆ ಕಾರಣವಿತ್ತು. ಹಣ್ಣು ಮಾಗುವ ಕಾಲಕ್ಕೆ ನಮ್ಮ ಊರು ಅರ್ಗಾನ್ ಕಾಡಿಗೆ ಕಟ್ಟು ಹಾಕುತ್ತದೆ. ಅವು ಉದುರುವವರೆಗೆ ಮೇಕೆಯಾಗಲಿ ಮನುಷ್ಯರಾಗಲಿ ಒಳಗೆ ಕಾಲಿಡುವಂತಿಲ್ಲ. ಕಟ್ಟು ಬಿಚ್ಚುವ ದಿನ ಪ್ರತಿ ಮನೆಯವರೂ ತಮ್ಮ ಮರಗಳ ಕೆಳಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ತಾವೇ ಆಯಬೇಕು. ಕೂಲಿಯವರನ್ನು ಮರುದಿನದಿಂದ ಕರೆಯಬಹುದು, ಆ ದಿನ ಮಾತ್ರ ಇಲ್ಲ. ಹೊತ್ತು ಇಳಿಯುವಾಗ ಊರ ಹಿರಿಯ ಅಬೆಲ್ಲಾ ಮರದಿಂದ ಮರಕ್ಕೆ ಬಂದು, ಆಯ್ದವರನ್ನು "ಇದು ಯಾರ ಕೈ?" ಎಂದು ಕೇಳುತ್ತಾನೆ. ಆಯ್ದವರು ತಮ್ಮ ಮನೆಯವರಲ್ಲಿ ಯಾರ ಹೆಸರು ಹೇಳುತ್ತಾರೋ ಮುಂದಿನ ಕಟ್ಟಿನವರೆಗೆ ಆ ಮರಗಳು ಅವರವು. ತಾಯಿ ಹೋದ ಮೇಲೆ ಪ್ರತಿ ವರ್ಷ ಆಯ್ದವಳು ಇಜ್ಜಾ. ಮುಳ್ಳು ಚುಚ್ಚಿದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡು ಪ್ರತಿ ವರ್ಷ ಅವಳು ಹೇಳಿದ್ದು, "ಬಿಹಿಯ ಕೈ."

ಈ ವರ್ಷ ಕಟ್ಟು ಬಿಚ್ಚುವ ಹಿಂದಿನ ದಿನ ಅವಳು ತಮ್ಮನಿಗೆ ಹೇಳಿದಳು: "ನಾಳೆ ನೀನೇ ಹೋಗು. ಎಣ್ಣೆ ಹಚ್ಚದ ಕೆಲಸದವಳು ನಾನು, ನನ್ನ ಮುಖ ಇನ್ನೂ ಕೆಡುತ್ತೆ."

ಅವನ ಬಣ್ಣ ಇಳಿಯಿತು. ಗೋಡೆಯಾಚೆ ಇದ್ದ ನಾನು ನೋಡಲಿಲ್ಲ, ಆದರೆ ಅವನ ದನಿ ಇಳಿದದ್ದು ಕೇಳಿಸಿತು. "ಅದು ವ್ಯಾಪಾರದ ಮಾತು ಅಕ್ಕಾ. ಗಿರಾಕಿಗೆ ಏನಾದ್ರೂ ಹೇಳಬೇಕಲ್ಲ." ಆಮೇಲೆ ಬೇಡಿಕೊಂಡ, ಆಮೇಲೆ ಕೂಗಾಡಿದ. ಅವಳು ಬೇಳೆ ಆರಿಸುವ ಸದ್ದು ನಿಲ್ಲಲಿಲ್ಲ. ಕೊನೆಗೆ ರೋಷ ಬಂತು ಮಹಾಶಯನಿಗೆ. "ಹೋಗ್ತೀನಿ! ನನಗೇನು ಭಯ? ನನ್ನ ಎಣ್ಣೆ ಇದೆ!"

ಇಲ್ಲೇ ನನಗೆ ಅವನ ಮೇಲೆ ತಾತ್ಸಾರ ಹೆಚ್ಚಾಗುವುದು. ಜಗತ್ತಿಗೆಲ್ಲ ಸುಳ್ಳು ಹೇಳುವವನು ತನ್ನ ಸುಳ್ಳನ್ನು ತಾನಾದರೂ ನಂಬದಿರುವಷ್ಟು ಜಾಣನಾಗಿರುತ್ತಾನೆ. ಇವನಿಗೆ ಅಷ್ಟೂ ಇಲ್ಲ.

ಬೆಳಿಗ್ಗೆ ನಾವೆಲ್ಲ ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡು, ಕಣ್ಣು ಮಾತ್ರ ಬಿಟ್ಟುಕೊಂಡು ಕಾಡಿಗೆ ಹೋದೆವು. ಬಿಹಿ ಬಂದ. ಬರಿದಲೆ, ಬರೀ ಮುಖ, ತೋಳು ಮಡಚಿದ ಬಿಳಿ ಅಂಗಿ. ಮೈಯೆಲ್ಲ ಮಿರಮಿರ ಮಿಂಚುತ್ತಿತ್ತು. ಅವನಿಗಿಂತ ಮುಂಚೆ ಅವನ ವಾಸನೆ ಬಂತು. ಹುರಿದ ಬೀಜದ, ಬಾಯಲ್ಲಿ ನೀರೂರಿಸುವ ವಾಸನೆ. ಸುಗ್ಗಿಗೆ ಮೊದಲು ಅಂಗಡಿಯ ಸೀಸೆಗಳೆಲ್ಲ ಖಾಲಿಯಾಗಿದ್ದವು. ಮನೆಯಲ್ಲಿ ಅವನ ಎಣ್ಣೆಯನ್ನು ಬಟ್ಟಲಿಗೆ ಸುರಿದು ಕೊಡುತ್ತಿದ್ದವಳು ಇಜ್ಜಾ. ಅವತ್ತು ಅವಳು ಕೊಡಲಿಲ್ಲ, ಇವನು ಅಡುಗೆಮನೆಗೆ ನುಗ್ಗಿ ಕೈಗೆ ಸಿಕ್ಕ ಗಡಿಗೆಯನ್ನು ಮೈಮೇಲೆ ಸುರಿದುಕೊಂಡಿದ್ದ. ಎಣ್ಣೆ ಮಾರಿ ಬದುಕುವವನಿಗೆ ಊಟದ ಎಣ್ಣೆ ಯಾವುದು ಮೈಯೆಣ್ಣೆ ಯಾವುದು ಗೊತ್ತಾಗಲಿಲ್ಲ! ಮೂಗು ಅವನಿಗೆ ಇದ್ದದ್ದು ಎತ್ತಿಕೊಂಡು ತಿರುಗುವುದಕ್ಕೆ ಮಾತ್ರ.

"ಏ, ಯಾರಾದ್ರೂ ರೊಟ್ಟಿ ತನ್ರೇ!" ಎಂದು ನಾನು ಕೂಗಿದೆ. "ನಾಷ್ಟ ನಡ್ಕೊಂಡು ಬರ್ತಿದೆ!"

ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬಳು ನಿಜವಾಗಿಯೂ ತನ್ನ ಬುತ್ತಿಯಿಂದ ರೊಟ್ಟಿ ಮುರಿದು ಅವನ ತೋಳಿಗೆ ಒರೆಸಲು ಹೋದಳು.

"ನಗ್ರಿ, ನಗ್ರಿ" ಅಂದ ಬಿಹಿ. "ಸಂಜೆ ನಿಮ್ಮ ಮುಖ ನೋಡ್ಕೊಳ್ಳಿ, ನನ್ನ ಮುಖ ನೋಡಿ."

ಅರ್ಗಾನ್ ಮರದ ಕೆಳಗೆ ಆಯುವುದೆಂದರೆ ಬಗ್ಗಿದ ಸೊಂಟ ಎತ್ತದ ಕೆಲಸ. ಉದುರಿದ ಮುಳ್ಳುಕಡ್ಡಿಗಳ ನಡುವೆ ಕೈ ಹಾಕಬೇಕು. ಮರದ ನೆರಳು ಜರಡಿ ಹಿಡಿದ ಹಾಗೆ, ಇದ್ದೂ ಇಲ್ಲ. ಅವನು ಒಂದು ಹಣ್ಣು ಆಯುತ್ತಿದ್ದ, ಬೆರಳು ಚೀಪುತ್ತಿದ್ದ, ಇನ್ನೊಂದು ಆಯುತ್ತಿದ್ದ. ಬಿಸಿಲು ಏರಿದಂತೆ ಅವನ ಕತ್ತು ಕೆಂಪಾಯಿತು, ಮೂಗು ಕೆಂಪಾಯಿತು. ಆ ಎಣ್ಣೆಯ ಬದಲು ಒಳ್ಳೆಯ ಮೈಯೆಣ್ಣೆ ಹಚ್ಚಿದ್ದರೂ ಅದೇ ಗತಿ. ಒಣಗಿದ ಚರ್ಮವನ್ನು ಅದು ಮೆತ್ತಗೆ ಮಾಡುತ್ತದೆ, ನಮ್ಮ ಆಗಸ್ಟಿನ ಸೂರ್ಯನಿಗೆ ಅಡ್ಡ ನಿಲ್ಲುವುದಿಲ್ಲ. ಅದು ಗೊತ್ತಿದ್ದೇ ನಮ್ಮ ಅಜ್ಜಿಯಂದಿರು ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ನೆತ್ತಿಗೆ ಸೂರ್ಯ ಬರುವ ಮೊದಲೇ ಬಿಹಿ ಅಯ್ಯಯ್ಯೋ ಎನ್ನುತ್ತ ಅರ್ಧ ಬುಟ್ಟಿಯನ್ನು ಅಲ್ಲೇ ಬಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಊರಿನ ಕಡೆ ಓಡಿದ.

ಇಜ್ಜಾ ನನ್ನ ಮರದ ಕೆಳಗೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ನಕ್ಕಿರಲಿಲ್ಲ. ಅವನು ಕಣ್ಮರೆಯಾದ ಮೇಲೆ ಎದ್ದು ಬಟ್ಟೆ ಬಿಗಿದುಕೊಂಡಳು.

"ಎಲ್ಲಿಗೆ?" ಅಂದೆ. "ಬಿಡೇ, ಹಾಳಾಗಿ ಹೋಗ್ಲಿ ಅವನ ಮರ!"

"ಹಣ್ಣು ಏನು ತಪ್ಪು ಮಾಡಿದೆ?" ಎಂದು ಹೋದಳು.

ಇಡೀ ಮಧ್ಯಾಹ್ನ ಆಯ್ದಳು. ನನಗೆ ಕೋಪ ಬರುತ್ತಲೇ ಇತ್ತು. ಮತ್ತೆ ಅವನ ಹೆಸರೇ ಹೇಳುತ್ತಾಳೆ, ಹೇಳಿ ಗಂಟುಮೂಟೆ ಕಟ್ಟಿಕೊಂಡು ಗೋರಿಯ ಊರಿಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಹೊತ್ತು ಇಳಿಯಿತು. ಅಬೆಲ್ಲಾ ಕೋಲೂರಿಕೊಂಡು ಬಂದ. ಅಷ್ಟರಲ್ಲಿ ಬಿಹಿಯೂ ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಓಡೋಡಿ ಬಂದು, ತುಂಬಿದ ಮೂಟೆಯ ಮೇಲೆ ಕೈಯಿಟ್ಟ.

"ಇದು ಯಾರ ಕೈ?"

"ನನ್ನದು ಮಾವ" ಅಂದ ಬಿಹಿ.

ಅಬೆಲ್ಲಾ ಮೂಗು ಅರಳಿಸಿದ. "ಏನೋ ಇದು, ಉಣ್ಣೋದನ್ನ ಮೈಮೇಲೆ ಚೆಲ್ಕೊಂಡ್ಯಾ?" ಬಟ್ಟೆ ಸರಿಸಿ ಅವನ ಮುಖ ನೋಡಿದ. ಹಣೆಯ ಮೇಲೆ ಬೊಬ್ಬೆ ಎದ್ದಿತ್ತು. ಆಮೇಲೆ ಇಜ್ಜಾಳ ಕಡೆ ತಿರುಗಿ ಕೇಳಿದ: "ನೀನು ಹೇಳಮ್ಮ. ಯಾರ ಕೈ?"

ಬಿಹಿ ಅಕ್ಕನನ್ನು ನೋಡಿದ. ಚಿಕ್ಕಂದಿನಲ್ಲಿ ನೀರಿನ ಕೊಡ ಒಡೆದು ಅವಳ ಹಿಂದೆ ಅಡಗುವಾಗ ನೋಡುತ್ತಿದ್ದ ಅದೇ ನೋಟ.

"ನನ್ನ ಕೈ" ಅಂದಳು ಇಜ್ಜಾ.

"ಯಾರ ಹೆಸರಿಗೆ?"

"ನನ್ನ ಹೆಸರಿಗೆ."

ಅಬೆಲ್ಲಾ ಇಜ್ಜಾಳ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಿದ. ಪಕ್ಕದ ಮರದವರು ಮುಂದಿನ ಮರದವರಿಗೆ ಕೂಗಿದರು. ನನಗೆ ಅಳು ಬಂತು, ಅದನ್ನು ಮುಚ್ಚಿಡುವುದೇಕೆ.

ಸುದ್ದಿ ಅಗಾದಿರಿಗೂ ಮುಟ್ಟಿತು. ಹುಡುಗಿಯ ಕಡೆಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಬಿಹಿಯ ಮುಖ ಪದರ ಪದರವಾಗಿ ಸುಲಿಯಿತು. ಸುಲಿದ ಮೇಲೆ ಕಂದು ಕಲೆಗಳು ಉಳಿದವು. ಈಗ ಅಂಗಡಿಯ ಬಾಗಿಲಲ್ಲಿ ಇಜ್ಜಾ ಕೂರುತ್ತಾಳೆ, ಪರದೆ ಕಿತ್ತು ಹಾಕಿದ್ದಾಳೆ. ಅವನು ಒಳಗಿನ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾನೆ. ಕೈಗೆ ಒಂದು ಕಲ್ಲು ಕೊಟ್ಟು ನೋಡಿದೆವು. ತಲೆನೋವು ಬಂತು.

ಮೊನ್ನೆ ಒಂದು ಕಾರು ನಿಂತಿತು. ಇಳಿದ ಹೆಂಗಸು ಅರಬ್ಬಿಯಲ್ಲಿ ಕೇಳಿದಳು: "ಇದು ಬಿಸಿಲು ತಡೆಯುತ್ತಾ?"

ಇಜ್ಜಾ ತಲೆಯ ಬಟ್ಟೆಯನ್ನು ಹಣೆಗೆ ಎಳೆದು ತೋರಿಸಿದಳು. "ಬಿಸಿಲಿಗೆ ಇದು. ಮನೆಗೆ ಹೋದ್ಮೇಲೆ, ಚರ್ಮ ಬಿರಿದಿದ್ರೆ ಎಣ್ಣೆ."

ಆ ಹೆಂಗಸಿನ ಕಣ್ಣು ಮೂಲೆಯ ಕಡೆ ಹೋಯಿತು. "ಅವರು ಯಾರು? ಮುಖ ಯಾಕೆ ಹಾಗೆ?"

ಕಲ್ಲು ಹಿಡಿದಿದ್ದ ನಮ್ಮ ಕೈಗಳೆಲ್ಲ ನಿಂತವು. ಬಿಹಿ ತಲೆ ತಗ್ಗಿಸಿದ. ಏನು ಉತ್ತರ ಬರುತ್ತದೆ ಎಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

"ನನ್ನ ತಮ್ಮ" ಅಂದಳು ಇಜ್ಜಾ. "ಬಟ್ಟೆ ಸುತ್ಕೊಳ್ದೆ ಬಿಸಿಲಿಗೆ ಹೋಗಿದ್ದ."

ಅಷ್ಟೇ. ಅವನು ಎದ್ದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದ. ನಾನು ಅವಳನ್ನು ಚೆನ್ನಾಗಿ ಬೈದೆ. ಕೆಲಸದವನು ಅನ್ನಬಾರದಾಗಿತ್ತೇನೇ, ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ ಎಂದೆ.

"ಕೆಲಸದೋರು ಕೆಲಸ ಮಾಡ್ತಾರೆ ತೂದಾ" ಎಂದು ಅವಳು ಇನ್ನೊಂದು ಬೀಜವನ್ನು ಕಲ್ಲಿನ ಮೇಲಿಟ್ಟಳು.