ಗಾಲಿ ತಡೆಯದ ನೆಲ

ಅಫಜಲಪುರದಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಒಂದು ತಗಡಿನ ಶೆಡ್ ಇತ್ತು. ನನ್ನ ಗಂಡ ಅದರಲ್ಲಿ ಎಂಜಿನ್ ರಿಪೇರಿ ಮಾಡುತ್ತಿದ್ದರು. ಮಣ್ಣೂರ, ಘತ್ತರಗಿ ಕಡೆಯ ಹೊಲಗಳಿಂದ ನೀರೆತ್ತುವ ಡೀಸೆಲ್ ಎಂಜಿನ್‌ಗಳು ಬಂಡಿಯಲ್ಲಿ ಬರುತ್ತಿದ್ದವು. ಶೆಡ್ಡಿನದು ಮಣ್ಣಿನ ನೆಲ. ವರ್ಷಗಟ್ಟಲೆ ಎಣ್ಣೆ ಕುಡಿದು ಕಪ್ಪಾಗಿ ಜಾರುತ್ತಿತ್ತು. ಫರಸಿ ಕಲ್ಲು ಹಾಕಿಸೋಣ ಎಂದಾಗಲೆಲ್ಲ ಅವರು, "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು.

ಎಂಬತ್ತರ ದಶಕದ ಒಂದು ಬೇಸಿಗೆಯ ಮಧ್ಯಾಹ್ನ ದೊಡ್ಡ ಎಂಜಿನ್ನೊಂದನ್ನು ಹಗ್ಗ ಕಟ್ಟಿ ರಾಟೆಯಿಂದ ಮೇಲೆತ್ತಿದ್ದರು. ಹಗ್ಗ ಹಿಡಿದವನು ಅವರ ಗೆಳೆಯ, ಎರಡು ಓಣಿ ಆಚೆಯ ಗೌಂಡಿ. ಕಲ್ಲು ಕೆಲಸದಿಂದ ಬಿಡುವಾದಾಗ ಬಂದು ಕೈ ಹಚ್ಚುತ್ತಿದ್ದ; ಇವರನ್ನು ಅಣ್ಣ ಎಂದೂ ಅತ್ತಿಗೆಯಾದ ನನ್ನನ್ನು ವೈನಿ ಎಂದೂ ಕರೆಯುತ್ತಿದ್ದ. ಅವನ ಕಾಲು ಜಾರಿತು, ಹಗ್ಗ ಕೈತಪ್ಪಿತು. ಕೆಳಗೆ ಬಗ್ಗಿ ಹಲಗೆ ಸರಿಸುತ್ತಿದ್ದ ನನ್ನ ಗಂಡನ ಎರಡೂ ಪಾದಗಳ ಮೇಲೆ ಎಂಜಿನ್ ಬಿತ್ತು. ಗುಲ್ಬರ್ಗಾದ ಆಸ್ಪತ್ರೆಯಲ್ಲಿ ಮೊಣಕಾಲ ಕೆಳಗೆ ಎರಡೂ ಕಾಲು ತೆಗೆದರು.

ಗೌಂಡಿ ನೋಡಲು ಬಂದಾಗ ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಆಮೇಲೆ ಅವನು ನಮ್ಮ ಓಣಿಯಲ್ಲಿ ತಿರುಗಾಡುವುದನ್ನೇ ಬಿಟ್ಟ.

ಒಂದು ವರ್ಷ ಅವರು ಹೊರಸಿನ ಮೇಲೆಯೇ ಕಳೆದರು. ಕೊನೆಗೆ ನಾನೇ ಬಡಿಗನಿಂದ ಒಂದು ಹಲಗೆಗೆ ಬೇರಿಂಗಿನ ಗಾಲಿ ಹಾಕಿಸಿ ತಂದೆ. ಅದರ ಮೇಲೆ ಕುಳಿತು ಕೈಯಿಂದ ನೂಕಿಕೊಂಡರೆ ಓಡಾಡಬಹುದು. ಆದರೆ ಮಣ್ಣಿನಲ್ಲಿ ಗಾಲಿ ಹೂತುಕೊಂಡವು. ಶಹಾಬಾದಿನ ಫರಸಿ ತರಿಸಿದೆ. ನೋಡಲು ಬಂದ ಮೇಸ್ತ್ರಿ, "ಸಂದಿ ಇಲ್ಲದಂಗ ಫರಸಿ ಕೂಡಂಗಿಲ್ರಿ. ಸಂದ್ಯಾಗ ಸಣ್ಣ ಗಾಲಿ ಸಿಕ್ಕಬೀಳ್ತಾವ" ಎಂದು ಹೋಗಿಬಿಟ್ಟ.

ಅದು ಹೇಗೆ ಗೌಂಡಿಯ ಕಿವಿಗೆ ಬಿತ್ತೋ, ಮರುದಿನ ಉಳಿ ಸುತ್ತಿಗೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಾ ಹಾಕ್ತೇನ್ರಿ ವೈನಿ. ಅಂಚಿನ ದಪ್ಪ ಅರ್ಧ ಕೆತ್ತಿ ಒಂದರ ಮ್ಯಾಲ ಒಂದು ಕೂಡೂಹಂಗ ಮಾಡ್ತೇನಿ. ಸಂದಿ ಉಳಿಯಂಗಿಲ್ಲ."

ಒಳಗಿನಿಂದ ಗಂಡನ ದನಿ ಬಂತು: "ಅವನ್ನ ಒಳಗ ಬಿಡಬ್ಯಾಡ."

ಮದುವೆಯಾದ ಮೇಲೆ ಮೊದಲ ಸಲ ಅವರ ಮಾತು ಮೀರಿ ಶೆಡ್ಡಿನ ಬಾಗಿಲು ತೆಗೆದೆ.

ಅವನು ಎಣ್ಣೆ ಮಣ್ಣನ್ನೆಲ್ಲ ಅಗೆದು ಹೊರಗೆ ಹಾಕಿದ. ಆಮೇಲೆ ಒಂದೊಂದೇ ಕಲ್ಲಿನ ಅಂಚು ಕೆತ್ತತೊಡಗಿದ. ಮೂರನೆಯ ದಿನ ನನ್ನ ಗಂಡ, "ಆ ಸಪ್ಪಳ ನಿಲ್ಸಲೇ!" ಎಂದು ಕಿರುಚಿದರು. ಗೌಂಡಿಯ ಕೈ ನಿಂತಿತು. ಕಲ್ಲುಗಳನ್ನು ಎರಡು ಓಣಿ ದಾಟಿ ತನ್ನ ಮನೆಗೆ ಹೊತ್ತೊಯ್ದ. ಅಲ್ಲಿ ಕೆತ್ತಿ, ಬೆನ್ನ ಮೇಲೆ ಹೊತ್ತು ತಂದು ಇಲ್ಲಿ ಕೂಡಿಸಿದ. ಹಾಗೆ ಅರ್ಧ ತಿಂಗಳು ಹಿಡಿಯಿತು. ನಮ್ಮ ಮನೆಯಲ್ಲಿ ಒಂದು ತುತ್ತೂ ಉಣ್ಣಲಿಲ್ಲ.

ಕೆಲಸ ಮುಗಿದ ದಿನ ನನ್ನ ಗಂಡನನ್ನು ಹಲಗೆಯ ಮೇಲೆ ಕೂರಿಸಿದೆ. ಅವರು ಶೆಡ್ಡಿನ ಈ ಮೂಲೆಯಿಂದ ಆ ಮೂಲೆಯವರೆಗೆ ನೂಕಿಕೊಂಡು ಹೋದರು. ತಿರುಗಿ ಬರುವಾಗ ಒಂದು ಕಡೆ ನಿಂತರು.

"ಇಲ್ಲಿ ತಡೀತದ."

ಕಾಲು ಹೋದ ಮೇಲೆ ಗೌಂಡಿಯ ಮುಖ ನೋಡಿ ಅವರು ಆಡಿದ ಮಾತು ಅದೊಂದೇ. ಅವನು ಮೊಣಕಾಲೂರಿ, ನೀರು ಸುರಿದು, ಸಂಜೆಯವರೆಗೆ ಆ ಅಂಚನ್ನು ಉಜ್ಜಿದ. ಇವರು ಪಕ್ಕದಲ್ಲೇ ಕುಳಿತು ನೋಡಿದರು.

ದೊಡ್ಡ ಎಂಜಿನ್ ಮತ್ತೆ ನಮ್ಮಲ್ಲಿಗೆ ಬರಲಿಲ್ಲ. ಸ್ಟೋವ್, ಸೈಕಲ್, ಹೊಲಿಗೆ ಮಷಿನ್ ಬಂದವು. ಎರಡು ವರ್ಷ ಅವರು ಆ ನೆಲದ ಮೇಲೆ ದುಡಿದರು. ಒಮ್ಮೆ, "ಅವಂಗ ಮಾಫಿ ಮಾಡೀನಿ ಅಂತ ಒಂದು ಮಾತು ಹೇಳಬಾರ್ದೇನ್ರಿ?" ಎಂದು ಕೇಳಿದೆ.

"ಹೇಳಿದ್ರ ಅವಂಗ ಹಗುರ ಆಗ್ತದ. ನನಗ ಏನ್ ಹಗುರ ಆಗ್ತದ?" ಎಂದು ಕೈಯಲ್ಲಿದ್ದ ಸ್ಟೋವಿಗೆ ಪಿನ್ನು ಚುಚ್ಚತೊಡಗಿದರು.

ಮೂರನೆಯ ವರ್ಷ ಒಂದು ಕಾಲಿನ ಗಾಯ ಮತ್ತೆ ಬಾಯಿ ಬಿಟ್ಟಿತು. ಕೀವು ಏರಿತು. ಈ ಸಲ ಗುಲ್ಬರ್ಗಾದಿಂದ ಅವರನ್ನು ಜೀವಂತ ತರಲಾಗಲಿಲ್ಲ.

ಮಣ್ಣಾದ ಎಂಟು ದಿನಕ್ಕೆ ಗೌಂಡಿ ಬಂದ. ಶೆಡ್ಡಿನ ಹೊಸ್ತಿಲಾಚೆಯೇ ನಿಂತು ಕೇಳಿದ: "ಅಣ್ಣ ನನ್ನ ಬಗ್ಗೆ ಏನರ ಅಂದಿದ್ನೇನ್ರಿ ವೈನಿ?"

ಮಾಫಿ ಮಾಡಿದ್ದರು ಎಂದು ಸುಳ್ಳು ಹೇಳಬಹುದಿತ್ತು. ಆದರೆ ಆ ಹೊತ್ತಿನಲ್ಲಿ ನನಗೂ ಅವನ ಮೇಲೆ ಸಿಟ್ಟಿತ್ತು. ಅದು ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ.

"ಏನೂ ಅನ್ನಲಿಲ್ಲ" ಎಂದೆ.

"ಹೌದ್ರಿ" ಎಂದು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಮತ್ತೆ ಬರಲಿಲ್ಲ. ಆ ದಿನದ ನನ್ನ ಉತ್ತರ ಇಂದಿಗೂ ನನಗೆ ಚುಚ್ಚುತ್ತದೆ.